ಕೆಂಪವ್ವನಿಗೆ ಕಾಗದಸಾಕ್ಷಿ

ಬಸರೀಗಿಡದ ಓಣಿ, ಗದಗ
ಫೆಬ್ರವರಿ ೩೦, ೨೩೧೪

ಹೊಂಬಳ ಮಾಸ್ತರರಿಗೆ ಶಾಂಭವಿ ಮುಳಗುಂದ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ, ಇದು ಯಾರೋ ಮಾಡಿದ ಕುಚೇಷ್ಟೆ ಎಂದು ಕಾಗದವನ್ನು ಪಕ್ಕಕ್ಕೆ ಇಟ್ಟುಬಿಡಬೇಡಿ. ನಿಮ್ಮ ಫೆಬ್ರವರಿಗೆ ಅಷ್ಟು ದಿನ ಇಲ್ಲವೆಂದು ನನಗೆ ಗೊತ್ತು. ನಮ್ಮ ಹಿರಿಯರು ಎಲ್ಲ ತಿಂಗಳಿಗೂ ಮೂವತ್ತು ಮೂವತ್ತು ದಿನ ಹಂಚಿ, ಉಳಿದ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ವರ್ಷದ ಕೊನೆಗೆ ಬಿಟ್ಟಿದ್ದಾರೆ. ಆ ಐದು ದಿನ ನಾವು ಉಂಡು ಮಲಗುತ್ತೇವೆ, ಬೇರೆ ಕೆಲಸ ಮಾಡುವುದಿಲ್ಲ. ನನ್ನ ಮಾತುಗಳು ಅಲ್ಲಲ್ಲಿ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ನಿಮ್ಮ ಕಾಲದ ಬರಹದ ಕನ್ನಡವನ್ನು ನಾನು ಕಲಿತದ್ದೇ ನಿಮ್ಮ ಚಿತ್ರಕತೆಯ ಪುಸ್ತಕಗಳಿಂದ. ನಡುವೆ ಎಲ್ಲಾದರೂ ‘ಢಮಾರ್’ ಎಂದು ಬಂದರೆ ತಪ್ಪು ನನ್ನದಲ್ಲ, ನಿಮ್ಮದು.

ನನ್ನ ಅಂದಾಜಿನಂತೆ ನೀವು ಈಗ ಸಾವಿರದ ಒಂಬೈನೂರ ಎಂಬತ್ತಾರನೇ ಇಸವಿಯಲ್ಲಿದ್ದೀರಿ. ಹಗಲು ಶಾಲೆಯಲ್ಲಿ ಚಿತ್ರಕಲೆ ಕಲಿಸಿ, ಮನೆಗೆ ಬಂದು ‘ಸಿಡಿಲವ್ವ’ ಬಿಡಿಸುತ್ತಿದ್ದೀರಿ. ಹದಿನೇಳನೇ ಸಂಚಿಕೆ ಅಚ್ಚಾಗಿ ಹೋಗಿದೆ. ಹದಿನೆಂಟನೆಯದಕ್ಕೆ ಇನ್ನೂ ಪೆನ್ಸಿಲ್ ಚೂಪು ಮಾಡಿಲ್ಲ. ಸರಿಯಾಗಿ ಆ ನಡುವೆಯೇ ಈ ಕಾಗದ ನಿಮ್ಮ ಕೈ ಸೇರಬೇಕೆಂಬುದು ನನ್ನ ಆಸೆ. ಹಳೆಯ ಪುಸ್ತಕವನ್ನು ಪರದೆಗೆ ತರುವವರು ಆ ಪುಸ್ತಕ ಮಾಡಿದವರಿಗೆ ಒಂದು ಕಾಗದ ಬರೆದು, ಪರದೆಯ ಕಂಬದ ಬುಡದಲ್ಲಿರುವ ತಾಮ್ರದ ಡಬ್ಬಿಗೆ ಹಾಕುವುದು ನಮ್ಮಲ್ಲಿನ ವಾಡಿಕೆ. ಇದಕ್ಕೆ ಹಿಂದೋಲೆ ಎನ್ನುತ್ತೇವೆ. ಅದು ತಲುಪುತ್ತದೆಂದು ಯಾರೂ ಹೇಳಿಲ್ಲ, ತಲುಪುವುದಿಲ್ಲವೆಂದೂ ಯಾರೂ ಹೇಳಿಲ್ಲ. ಉಳಿದವರು ಹಿಂದೋಲೆಯಲ್ಲಿ ನಾಲ್ಕು ಸಾಲು ವಂದನೆ ಬರೆದು ಕೈ ತೊಳೆದುಕೊಳ್ಳುತ್ತಾರೆ. ನನಗೆ ನಿಮ್ಮಿಂದ ಒಂದು ಕೆಲಸ ಆಗಬೇಕಾಗಿದೆ, ಆದ್ದರಿಂದ ಉದ್ದ ಬರೆಯುತ್ತೇನೆ.

ಮೊದಲು ನಾನು ಏನು ಮಾಡುತ್ತೇನೆಂದು ತಿಳಿಸಬೇಕು. ನಿಮ್ಮ ಕಾಲದಲ್ಲಿ ಟೀವಿ ಇದ್ದವರ ಮನೆಗೆ ಊರೆಲ್ಲ ಬಂದು ಕೂರುತ್ತಿತ್ತೆಂದು ಓದಿದ್ದೇನೆ. ನಿಮ್ಮ ನಂತರದವರು ಮನೆಗೊಂದು, ಆಮೇಲೆ ಕೋಣೆಗೊಂದು, ಕೊನೆಗೆ ಅಂಗೈಗೊಂದು ಇಟ್ಟುಕೊಂಡರಂತೆ. ಈಗ ಮತ್ತೆ ಓಣಿಗೊಂದೇ. ಅದಕ್ಕೆ ಓಣಿಪರದೆ ಎಂದು ಹೆಸರು. ಬೆಟಗೇರಿಯ ಮಗ್ಗಗಳಲ್ಲಿ ಬೆಳಕು ಹಿಡಿಯುವ ನೂಲಿನಿಂದ ನೇಯ್ದ ಹತ್ತು ಮೊಳದ ಬಟ್ಟೆ ಅದು. ಮಳೆ ಬಂದರೆ ನಾಲ್ಕು ಜನ ಸೇರಿ ಮಡಚಿ ಒಳಗಿಡುತ್ತೇವೆ. ಅದಕ್ಕೆ ಬೇಕಾದ ವಿದ್ಯುತ್ತು ಕಪ್ಪತಗುಡ್ಡದ ಗಾಳಿಗಂಬಗಳಿಂದ ಬರುತ್ತದೆ, ಹಾಗಾಗಿ ಗಾಳಿ ಬೀಸದ ಸಂಜೆ ಧಾರಾವಾಹಿಯ ಕಂತು ಇಲ್ಲ. ಅಂಥ ಸಂಜೆ ಜನ ಚಾಪೆ ಹಾಸಿಕೊಂಡು ಹಿಂದಿನ ಕಂತಿನ ತಪ್ಪುಗಳನ್ನು ಹುಡುಕುತ್ತಾರೆ. ನಾನು ಎದುರಿಗೇ ಕೂತಿದ್ದರೂ ಅವರಿಗೆ ಮುಲಾಜಿಲ್ಲ. ಹೋದ ತಿಂಗಳು ನಾಲ್ಕು ದಿನ ಗಾಳಿ ಬೀಸಲಿಲ್ಲ. ನನ್ನ ಮಾನ ಮೂರಾಬಟ್ಟೆಯಾಯಿತು.

ನಿಮ್ಮ ಕಾಲಕ್ಕೂ ನಮ್ಮ ಕಾಲಕ್ಕೂ ನಡುವೆ ಹುಸಿಗಾಲ ಎಂದು ನಾವು ಕರೆಯುವ ನೂರಿಪ್ಪತ್ತು ವರ್ಷಗಳಿವೆ. ಆಗ ಯಂತ್ರಗಳು ಕೇಳಿದವರಿಗೆ ಕೇಳಿದ ಚಿತ್ರ ಮಾಡಿಕೊಡುತ್ತಿದ್ದವಂತೆ. ಸತ್ತವರು ಎದ್ದು ನಕ್ಕರು, ಆಗದ ಯುದ್ಧಗಳು ಆದವು, ಹೆತ್ತ ತಾಯಿ ತನ್ನ ಮಗನ ದನಿಯನ್ನೇ ನಂಬದ ಹಾಗಾಯಿತು. ಸಾಕುಸಾಕಾದ ಜನ ಕೊನೆಗೆ ಒಂದು ಕಟ್ಟಳೆ ಮಾಡಿಕೊಂಡರು. ಪರದೆಯ ಮೇಲೆ ಬರುವ ಪ್ರತಿ ಪಾತ್ರಕ್ಕೂ ಕಾಗದಸಾಕ್ಷಿ ಇರಬೇಕು, ಅಂದರೆ ಹುಸಿಗಾಲಕ್ಕೆ ಮೊದಲು ಒಬ್ಬ ಮನುಷ್ಯ ತನ್ನ ಕೈಯಿಂದ ಬರೆದ ಅಥವಾ ಬಿಡಿಸಿದ ಹಾಳೆಯಲ್ಲಿ ಆ ಪಾತ್ರ ಇದ್ದಿರಬೇಕು. ಸಾಕ್ಷಿ ಬಿದ್ದುಹೋದರೆ ಪಾತ್ರವನ್ನು ಎಲ್ಲ ಕಂತುಗಳಿಂದಲೂ ಅಳಿಸುತ್ತಾರೆ. ಅದನ್ನು ಮಾಡಿದ ನಟರ ಹೆಸರನ್ನು ಓಣಿಯ ಹೆಸರುಗಂಬದಿಂದ ಉಳಿ ಹಿಡಿದು ಕೆತ್ತಿ ತೆಗೆಯುತ್ತಾರೆ. ನಾನು ಆ ಕಟ್ಟಳೆಯ ಮೇಲೆ ಆಣೆ ಮಾಡಿದವಳು. ಅದು ಒಳ್ಳೆಯ ಕಟ್ಟಳೆಯೆಂದು ಇವತ್ತಿಗೂ ನಂಬಿದ್ದೇನೆ, ಇದನ್ನು ನೀವು ನೆನಪಿಟ್ಟುಕೊಳ್ಳಬೇಕು.

ನಿಮ್ಮ ಸಿಡಿಲವ್ವ ನನಗೆ ಸಿಕ್ಕದ್ದು ಹಳೆಯ ಶಾಲೆಯೊಂದರ ಗೋಡೆಯೊಳಗಿನ ಕಪಾಟಿನಲ್ಲಿ. ಮೊದಲ ಸಂಚಿಕೆ ಓದಿದ ದಿನ ನಾನು ಊಟ ಮರೆತೆ. ಲೋಕವನ್ನು ಕಾಪಾಡುವ ವೀರರ ಪುಸ್ತಕಗಳು ಇಂಥ ಹಳೆಯ ಹಾಳೆಗಳನ್ನು ಕಾಯ್ದಿಟ್ಟು ಪರೀಕ್ಷಿಸುವ ನಮ್ಮ ಸಾಕ್ಷಿಮನೆಯಲ್ಲಿ ಬೇಕಾದಷ್ಟಿವೆ. ಎಲ್ಲರೂ ಗಂಡಸರು, ಎಲ್ಲರಿಗೂ ಎದೆ ಉಬ್ಬಿದೆ, ಒಬ್ಬರಿಗೂ ಹಸಿವೆಯೆಂಬುದಿಲ್ಲ. ಸಿಡಿಲವ್ವನಾಗುವ ನಿಮ್ಮ ಗಂಗವ್ವ ಸ್ಟೇಷನ್ ರಸ್ತೆಯಲ್ಲಿ ಖಾನಾವಳಿ ನಡೆಸುವ ಐವತ್ತು ದಾಟಿದ ಹೆಂಗಸು. ರೊಟ್ಟಿ ತಟ್ಟುವಾಗ ಹೊಗೆಗಿಂಡಿಯಿಂದ ಸಿಡಿಲು ಇಳಿದು ಹಂಚಿಗೆ ಬಡಿಯುತ್ತದೆ, ಅಲ್ಲಿಂದ ಅವಳ ಅಂಗೈ ಸೇರುತ್ತದೆ. ಆಮೇಲೆ ಅವಳು ಎರಡು ಕೈ ತಟ್ಟಿದರೆ ಗುಡುಗು. ಊರಿನ ಬೆಳಕನ್ನೆಲ್ಲ ಕದ್ದು ಗೋದಾಮಿನಲ್ಲಿಟ್ಟ ಕತ್ತಲ ಕಂಟ್ರಾಕ್ಟರನನ್ನು ಅಟ್ಟಿಸಿಕೊಂಡು ಹೋಗುತ್ತಾಳೆ, ಮಧ್ಯಾಹ್ನದ ಊಟದ ಹೊತ್ತಿಗೆ ಮರಳಿ ಬರುತ್ತಾಳೆ. ಅವಳ ಖಾನಾವಳಿಯ ಗೋಡೆಯ ಮೇಲೆ ನೀವು ಒಂದು ಫಲಕ ಬರೆದಿದ್ದೀರಿ: ‘ಕೂತವರಿಗಷ್ಟೇ ತಾಟು’. ಮೂರನೇ ಸಂಚಿಕೆಯಲ್ಲಿ ಕಂಟ್ರಾಕ್ಟರನ ಆಳು ಬಂದು, ಧಣಿ ಬರುವವರಿದ್ದಾರೆ, ತಾಟು ಹಚ್ಚಿಡು ಎಂದರೆ ಅವಳು, ‘ಕುಂದರದ ತಾಟು ಇಡಂಗಿಲ್ಲ. ನಿಮ್ಮ ಧಣಿ ಆದ್ರೂ ಅಷ್ಟ, ನನ್ನ ಹಡದಪ್ಪ ಆದ್ರೂ ಅಷ್ಟ’ ಎನ್ನುತ್ತಾಳೆ. ಆ ಕಂತು ಬಂದ ಮೇಲೆ ನಮ್ಮ ಓಣಿಯ ಪಂಕ್ತಿಯಲ್ಲೂ ಅದೇ ನೇಮವಾಗಿದೆ. ಯಾರೂ ಇನ್ನೊಬ್ಬರಿಗಾಗಿ ತಾಟು ಹಿಡಿದಿಡುವಂತಿಲ್ಲ.

ಪುಟವನ್ನು ಪರದೆಗೆ ತರುವ ಕಸುಬು ಹೊರಗಿನವರಿಗೆ ಹಗುರವಾಗಿ ಕಾಣುತ್ತದೆ. ಚಿತ್ರಗಳಂತೂ ಇವೆಯಲ್ಲ, ಅವನ್ನು ಅಲುಗಾಡಿಸಿದರಾಯಿತು ಎನ್ನುತ್ತಾರೆ. ನಿಮ್ಮ ಒಂದು ಚೌಕದಲ್ಲಿ ಸಿಡಿಲವ್ವ ಒಲೆಯ ಮುಂದೆ ಕೂತಿದ್ದಾಳೆ, ಮುಂದಿನ ಚೌಕದಲ್ಲಿ ನೀರಿನ ಟಾಕಿಯ ನೆತ್ತಿಯ ಮೇಲೆ ನಿಂತಿದ್ದಾಳೆ. ನಿಮಗೆ ಅದು ಎರಡು ಗೆರೆಗಳ ನಡುವಿನ ಬಿಳಿ ಜಾಗ. ನನಗೆ ಅದು ಹನ್ನೊಂದು ದಿನದ ಕೆಲಸ, ನಾಲ್ಕು ಹಗ್ಗ ಮತ್ತು ಓಣಿಯವರ ಜೊತೆ ಒಂದು ಜಗಳ. ಖಾನಾವಳಿಯವಳು ಒಲೆ ಆರಿಸದೆ ಮನೆ ಬಿಡುವವಳೇ ಅಲ್ಲ ಎಂದು ಅವರು ಪಟ್ಟು ಹಿಡಿದರು. ಅದಕ್ಕೇ ನಮ್ಮ ಸಿಡಿಲವ್ವ ಪ್ರತಿ ಸಲ ಹಾರುವ ಮೊದಲು ಒಲೆಗೆ ನೀರು ಚಿಮುಕಿಸುತ್ತಾಳೆ. ನಡುವಿನ ಬಿಳಿ ಜಾಗ ನಮ್ಮದು, ಚೌಕದೊಳಗಿನದು ನಿಮ್ಮದು. ನಿಮ್ಮ ಚೌಕದೊಳಗೆ ನಾವು ಒಂದು ಸೂಜಿಯನ್ನೂ ಸೇರಿಸುವಂತಿಲ್ಲ, ಒಂದು ಸೂಜಿಯನ್ನೂ ತೆಗೆಯುವಂತಿಲ್ಲ.

ಈಗ ಕೆಂಪವ್ವನ ವಿಷಯಕ್ಕೆ ಬರುತ್ತೇನೆ. ಯಾರು ಕೆಂಪವ್ವ ಎಂದು ನೀವು ಕೇಳುತ್ತೀರಿ. ನಿಮ್ಮ ಪುಸ್ತಕದಲ್ಲಿ ಎರಡೇ ಬಣ್ಣ, ಕಪ್ಪು ಮತ್ತು ಕೆಂಪು. ಕೆಂಪು ಇರುವುದು ಸಿಡಿಲವ್ವನ ಸೀರೆಗೆ ಮಾತ್ರ. ನಾಲ್ಕನೇ ಸಂಚಿಕೆಯಿಂದ ಆ ಕೆಂಪು ಅವಳ ಗೆರೆ ದಾಟಿ ಎಡಕ್ಕೆ ಹೊರಗೆ ಬಂದಿದೆ. ಹತ್ತನೆಯದರ ಹೊತ್ತಿಗೆ ಅರ್ಧ ಬೆರಳಿನಷ್ಟು ಬಂದಿದೆ. ಚಿಕ್ಕ ಚಿತ್ರಗಳಲ್ಲಿ ಅರ್ಧ ಬೆರಳೆಂದರೆ ಒಂದು ಇಡೀ ಹೆಂಗಸಿನ ಅಗಲ. ಸಿಡಿಲವ್ವನ ಹಿಂದೆ ಅರ್ಧ ಹೆಜ್ಜೆ ಬಿಟ್ಟು, ಮುಖವಿಲ್ಲದ, ಮಾತಿಲ್ಲದ ಒಬ್ಬಳು ಕೆಂಪು ಹೆಂಗಸು ನಿಂತಿದ್ದಾಳೆ. ಇವಳು ಕೈ ಎತ್ತಿದರೆ ಅವಳೂ ಎತ್ತುತ್ತಾಳೆ. ಇವಳು ಬಿದ್ದಾಗ ಅವಳೂ ಬೀಳುತ್ತಾಳೆ, ಒಂದು ಸಲವೂ ಬಿಟ್ಟು ಹೋಗುವುದಿಲ್ಲ. ನಮ್ಮ ಕಾಲದಲ್ಲಿ ಅಚ್ಚಿನ ಮಶೀನು ಇಲ್ಲ. ಕಪ್ಪು ಒಂದು ಸಲ, ಕೆಂಪು ಇನ್ನೊಂದು ಸಲ ಕಾಗದದ ಮೇಲೆ ಬೀಳುತ್ತದೆಂಬುದು ಆಗ ನಮಗಾರಿಗೂ ತಿಳಿದಿರಲಿಲ್ಲ. ಕಾಗದ ಸುಳ್ಳು ಹೇಳುವುದಿಲ್ಲವೆಂದು ತೊಟ್ಟಿಲಲ್ಲೇ ಕೇಳಿ ಬೆಳೆದವರು ನಾವು. ಕಾಗದದ ಮೇಲೆ ಇದೆಯೆಂದರೆ ಮಾಸ್ತರರು ಬೇಕೆಂದೇ ಬಿಡಿಸಿದ್ದಾರೆ ಎಂದುಕೊಂಡು ಅವಳಿಗೆ ಕೆಂಪವ್ವ ಎಂದು ಹೆಸರಿಟ್ಟೆವು, ಸಾಕ್ಷಿಮನೆಯವರೂ ನೋಡಿ ಒಪ್ಪಿ ಮುದ್ರೆ ಒತ್ತಿದರು.

ಆ ಪಾತ್ರವನ್ನು ದಾಕ್ಷಾಯಣಿ ಕೋಟುಮಚಗಿ ಮಾಡಿದಳು. ನಮ್ಮ ಮೇಳದಲ್ಲಿ ಹನ್ನೆರಡು ವರ್ಷ ವೇಷದ ಬಟ್ಟೆ ಮಡಚಿದವಳು ಆಕೆ. ನಟನೆಯ ಪರೀಕ್ಷೆಗೆ ಒಂಬತ್ತು ಸಲ ನಿಂತು ಒಂಬತ್ತು ಸಲವೂ ಬಿದ್ದಳು, ಯಾಕೆಂದರೆ ಆಕೆಗೆ ಮಾತು ತೊದಲುತ್ತದೆ. ಮೊದಲ ಅಕ್ಷರ ನಾಲಿಗೆಗೆ ಅಂಟಿಕೊಂಡರೆ ಎರಡನೆಯದು ಬರುವಷ್ಟರಲ್ಲಿ ಕೇಳುವವರು ಎದ್ದು ಹೋಗಿರುತ್ತಾರೆ. ಕೆಂಪವ್ವನಿಗೆ ಮಾತೇ ಇಲ್ಲ. ಸಿಡಿಲವ್ವನ ಪಾತ್ರದವಳ ಹಿಂದೆ ನಿಂತು, ಅವಳ ಉಸಿರಿಗೆ ಉಸಿರು ಕೂಡಿಸಿ ಕೈ ಎತ್ತಬೇಕು. ದಾಕ್ಷಾಯಣಿ ಅದನ್ನು ಹೇಗೆ ಮಾಡಿದಳೆಂದರೆ, ಏಳನೇ ಕಂತಿನ ಹೊತ್ತಿಗೆ ಓಣಿಯ ಜನ ಸಿಡಿಲವ್ವನನ್ನು ಬಿಟ್ಟು ಅವಳನ್ನೇ ನೋಡತೊಡಗಿದರು. ಹೆರಿಗೆಗೆ ಹೋಗುವ ಹೆಂಗಸರಿಗೆ ನಮ್ಮಲ್ಲಿ ಈಗ, ‘ಅಂಜಬ್ಯಾಡ, ಕೆಂಪವ್ವ ಹಿಂದ ನಿಂತಾಳ’ ಎನ್ನುತ್ತಾರೆ. ನನ್ನ ಅಕ್ಕನಿಗೆ ನಾನೇ ಹೇಳಿದ್ದೇನೆ. ಹೆಸರುಗಂಬದ ಮೇಲೆ ತನ್ನ ಹೆಸರು ಕೆತ್ತಿದ ದಿನ ದಾಕ್ಷಾಯಣಿ ಆ ಅಕ್ಷರಗಳ ಮೇಲೆ ಬೆರಳಾಡಿಸಿ ಮನೆಗೆ ಹೋದಳು.

ನಿಮ್ಮ ಹದಿನೇಳನೇ ಸಂಚಿಕೆಯ ಕತೆಯ ಹಾಳೆಗಳು ನಮಗೆ ಮೊದಲೇ ಸಿಕ್ಕಿದ್ದವು. ಅದರ ಕೊನೆಯ ಹಾಳೆ ಮತ್ತು ಹದಿನೆಂಟನೇ ಸಂಚಿಕೆ ಮಾತ್ರ ಗೋಡೆಯ ತೇವಕ್ಕೆ ಒಂದಕ್ಕೊಂದು ಅಂಟಿ ಇಟ್ಟಿಗೆಯಾಗಿದ್ದವು. ಸಾಕ್ಷಿಮನೆಯಲ್ಲಿ ಹಾಳೆ ಬಿಡಿಸುವ ರಾಬಿಯಾ ಅಣ್ಣಿಗೇರಿ ಹಬೆ ಹಿಡಿದು, ರೇಷ್ಮೆಯ ಒಂದೆಳೆ ದಾರ ಹಾಯಿಸಿ, ವಾರಕ್ಕೆ ಒಂದು ಹಾಳೆಯಂತೆ ಬಿಡಿಸುತ್ತಾಳೆ. ಮೊನ್ನೆ ಬೆಳಿಗ್ಗೆ ಹದಿನೇಳರ ಕೊನೆಯ ಹಾಳೆ ಬಿಟ್ಟಿತು. ಅದು ಓದುಗರ ಪತ್ರಗಳ ಪುಟ. ರೋಣದಿಂದ ಒಬ್ಬ ಹುಡುಗಿ ಬರೆದಿದ್ದಾಳೆ: ಸಿಡಿಲವ್ವನ ಹಿಂದೆ ಯಾವಾಗಲೂ ಒಬ್ಬರು ನಿಂತಿರುತ್ತಾರಲ್ಲ, ಅವರು ಯಾರು? ಕೆಳಗೆ ನಿಮ್ಮ ಉತ್ತರ ಇದೆ. ‘ಯಾರೂ ಅಲ್ಲ ತಂಗಿ. ಅದು ಅಚ್ಚಿನ ತಪ್ಪು. ನಮ್ಮ ಮಶೀನಿನಲ್ಲಿ ಕೆಂಪು ಬಣ್ಣದ ಪ್ಲೇಟು ಸರಿದಿದೆ. ಮುಂದಿನ ಸಂಚಿಕೆಗೆ ಸರಿಪಡಿಸುತ್ತೇವೆ. ಕ್ಷಮೆ ಇರಲಿ.’

ಮಾಸ್ತರರೇ, ಆ ಉತ್ತರವನ್ನು ನಾಲ್ಕು ಸಲ ಓದಿದೆ. ರಾಬಿಯಾ ನನ್ನ ಮುಖ ನೋಡಿದಳು, ಬಾಗಿಲು ನೋಡಿದಳು, ಆಮೇಲೆ ಬಹಳ ಸಣ್ಣ ದನಿಯಲ್ಲಿ, ‘ಮತ್ತ ಅಂಟಿಸಿಬಿಡ್ಲೇನಕ್ಕಾ? ಬಿಡಸಾಕ ಬರಲಿಲ್ಲ, ಹರೀತು ಅಂತ ಬರದ್ರಾತು’ ಎಂದಳು. ಒಂದು ಹಾಳೆಯನ್ನೂ ಹರಿಯದ ಹೆಮ್ಮೆಯ ಹೆಂಗಸು, ದಾಕ್ಷಾಯಣಿಗಾಗಿ ತನ್ನ ಹೆಸರು ಕೆಡಿಸಿಕೊಳ್ಳಲು ಸಿದ್ಧಳಾಗಿದ್ದಳು. ಆಸೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹುಸಿಗಾಲ ಶುರುವಾದದ್ದೂ ಹೀಗೇ ಇರಬೇಕು, ಯಾರೋ ಪ್ರೀತಿಯವರಿಗಾಗಿ ಯಾರೋ ಒಳ್ಳೆಯವರು ಒಂದು ಹಾಳೆ ಮುಚ್ಚಿಟ್ಟಲ್ಲಿಂದ. ಬೇಡ ಎಂದೆ. ಓಣಿಯ ಎದುರಿಗೆ ನಾನೇ ಓದುತ್ತೇನೆ, ಕೆಂಪವ್ವನನ್ನೂ ನಾನೇ ಉಳಿಸುತ್ತೇನೆ ಎಂದೆ. ಎರಡೂ ಹೇಗೆ ಆಗುತ್ತದೆಂದು ರಾಬಿಯಾ ಕೇಳಿದಳು. ಮೊದಲು ಹಾಳೆಯನ್ನು ಒಣಗಲು ಹರವು ಎಂದೆ.

ಮೊದಲು ದಾಕ್ಷಾಯಣಿಯ ಮನೆಗೆ ಹೋಗಿ ಹೇಳಿದೆ. ಆಕೆ ಅವರೆಕಾಯಿ ಬಿಡಿಸುತ್ತಿದ್ದಳು, ಕೈ ನಿಲ್ಲಲಿಲ್ಲ. ಬುಟ್ಟಿ ಮುಗಿಯುವವರೆಗೆ ಬಿಡಿಸಿ, ಸಿಪ್ಪೆ ಒಟ್ಟು ಮಾಡಿ, ಆಮೇಲೆ ತಲೆ ಎತ್ತಿ, ‘ಓ... ಓದು. ನಾ ನಿನ್ನ ಹಿಂ... ಹಿಂದ ನಿಂತಿರ್ತೀನಿ’ ಎಂದಳು. ನಾನು ಅತ್ತೆ. ಆಕೆ ಅಳಲಿಲ್ಲ.

ನಿನ್ನೆ ಸಂಜೆ ಓಣಿಪರದೆಯ ಮುಂದೆ ನಿಂತು ನಿಮ್ಮ ಉತ್ತರವನ್ನು ಅಕ್ಷರ ಬಿಡದೆ ಓದಿದೆ. ದಾಕ್ಷಾಯಣಿ ಅರ್ಧ ಹೆಜ್ಜೆ ಹಿಂದೆ ನಿಂತಿದ್ದಳು. ಗಾಳಿ ಚೆನ್ನಾಗಿ ಬೀಸುತ್ತಿತ್ತು, ಆದರೂ ಯಾರೂ ಕಂತು ಹಚ್ಚಿ ಎನ್ನಲಿಲ್ಲ. ಮುಂದಿನ ಸಾಲಿನ ಅಜ್ಜಿಯೊಬ್ಬಳು, ‘ಹದಿನಾಕು ಕಂತು ಕಣ್ಣಾರೆ ನೋಡೇವಿ, ಈಗ ಆಕಿ ಇದ್ದೇ ಇಲ್ಲ ಅಂದ್ರ ಹೆಂಗವಾ?’ ಎಂದು ನನ್ನನ್ನೇ ಗದರಿದಳು. ಸಾಕ್ಷಿಮನೆಯ ಹಿರಿಯರಾದ ಚನ್ನವೀರಪ್ಪನವರು ಕಟ್ಟಳೆಯ ಮನುಷ್ಯ. ಅವರ ಸ್ವಂತ ಮಗಳ ಪಾತ್ರವೊಂದನ್ನು ಸಾಕ್ಷಿಯಿಲ್ಲವೆಂದು ಅವರೇ ಅಳಿಸಿದ್ದಾರೆ. ಅವರು ಹಾಳೆಯನ್ನು ಕನ್ನಡಕದ ಹತ್ತಿರ ಹಿಡಿದು ಓದಿ, ‘ತಪ್ಪು ಅಂತ ಬರದಾವ್ರೇ ಹೇಳ್ಯಾರ. ಇನ್ನ ನಾವೇನು ಹೇಳೂದೈತಿ? ಆದ್ರ ಹದಿನೆಂಟನೇದು ಬಿಚ್ಚೂದು ಬಾಕಿ ಐತಿ. ಎಲ್ಲಾರೂ ಕೈ ಹಚ್ಚಿ ಹತ್ತು ದಿನದಾಗ ಬಿಚ್ಚ್ರಿ. ಅದರಾಗ ಆಕಿ ಇದ್ರ ಉಳೀತಾಳ, ಇಲ್ಲಂದ್ರ ಅಳಸೂದ’ ಎಂದರು.

ಇದೀಗ ನನ್ನ ಕೋರಿಕೆ. ಮಾಸ್ತರರೇ, ಹದಿನೆಂಟನೇ ಸಂಚಿಕೆ ಇನ್ನೂ ನಿಮ್ಮ ಮೇಜಿನ ಮೇಲೆ ಖಾಲಿ ಹಾಳೆಯಾಗಿದೆ. ಅದರಲ್ಲಿ ಆಕೆಯನ್ನು ಒಂದು ಸಲ ಬಿಡಿಸಿ, ಮಶೀನಿನ ತಪ್ಪಿನಿಂದಲ್ಲ, ನಿಮ್ಮ ಕೈಯಿಂದ. ಪುಟದ ಮೂಲೆಯಲ್ಲಾದರೂ ಸರಿ, ಹೆಬ್ಬೆರಳಿನಷ್ಟಾದರೂ ಸರಿ. ಆಕೆ ನಿಮಗೆ ಬೇಕಿರಲಿಲ್ಲವೆಂದು ಗೊತ್ತು. ಬೇಡದೆ ಬಂದವರು ಎಷ್ಟೋ ಜನ ಮನೆಯವರಾಗಿಬಿಡುತ್ತಾರೆ. ನೀವು ತಪ್ಪು ಎಂದು ಕರೆದವಳು ಹಿಂದೆ ನಿಂತಿದ್ದಾಳೆಂಬ ಧೈರ್ಯದಲ್ಲಿ ಒಂದು ಓಣಿಯ ಹೆಂಗಸರು ಹೆರುತ್ತಿದ್ದಾರೆ, ಮಾತು ತೊದಲುವ ಒಬ್ಬಳು ಹೆಸರು ಪಡೆದಿದ್ದಾಳೆ. ನಾನು ಹಾಳೆ ಮುಚ್ಚಿಡಲಿಲ್ಲ, ಮುಂದೆಯೂ ಮುಚ್ಚಿಡುವುದಿಲ್ಲ. ನೀವು ಬಿಡಿಸದಿದ್ದರೆ ಹೆಸರುಗಂಬದ ಮುಂದೆ ಉಳಿ ಹಿಡಿಯುವುದೂ ನಾನೇ, ಆ ಕೆಲಸವನ್ನು ಬೇರೆಯವರ ಕೈಗೆ ಕೊಡುವುದಿಲ್ಲ. ನೀವು ಮಾತ್ರ ನಿಮ್ಮ ಪಾಲಿನದನ್ನು ಮಾಡಿ. ಕಾಗದವನ್ನು ಈಗಲೇ ಡಬ್ಬಿಗೆ ಹಾಕಿ ಬರುತ್ತೇನೆ.

ಮಾರ್ಚ್ ೧೧

ಡಬ್ಬಿಗೆ ಹಾಕಿದ ಹಿಂದೋಲೆಯನ್ನು ಹೊರಗೆ ತೆಗೆಯುವಂತಿಲ್ಲ. ಅದಕ್ಕೆ ಇನ್ನೊಂದು ಹಾಳೆ ಸೇರಿಸಬಾರದೆಂದು ಯಾವ ಕಟ್ಟಳೆಯೂ ಹೇಳಿಲ್ಲ, ನಾನು ಹುಡುಕಿ ನೋಡಿದ್ದೇನೆ.

ಮೊನ್ನೆ ಬೆಳಿಗ್ಗೆ ಸಾಕ್ಷಿಮನೆಯ ಅಂಗಳದಲ್ಲಿ ಓಣಿಯೆಲ್ಲ ಸೇರಿತ್ತು. ರಾಬಿಯಾ ಒಂಬತ್ತು ದಿನ ಸರಿಯಾಗಿ ಉಂಡಿರಲಿಲ್ಲ. ನಾವು ಆರು ಜನ ಪಾಳಿಯ ಮೇಲೆ ಹಬೆಯ ಪಾತ್ರೆ ಹಿಡಿದಿದ್ದೆವು. ಬಿಟ್ಟ ಹಾಳೆಗಳನ್ನು ಅವಳು ಒಂದೊಂದಾಗಿ ಬಿಳಿ ಬಟ್ಟೆಯ ಮೇಲೆ ಹಾಸಿದಳು. ಮೊದಲ ಹಾಳೆಯಲ್ಲಿ ಕೆಂಪು ಇರಲಿಲ್ಲ. ಎರಡನೆಯದರಲ್ಲೂ ಇಲ್ಲ, ಮೂರನೆಯದರಲ್ಲೂ ಇಲ್ಲ. ಕೆಂಪನ್ನು ಸರಿಪಡಿಸುತ್ತೇವೆಂದು ಹೇಳಿದ್ದ ನೀವು ಕೆಂಪನ್ನೇ ತೆಗೆದುಹಾಕಿ, ಇಡೀ ಸಂಚಿಕೆಯನ್ನು ಬರೀ ಕಪ್ಪಿನಲ್ಲಿ ಅಚ್ಚು ಹಾಕಿಸಿದ್ದಿರಿ. ಯಾಕೆ ಹಾಗಾಯಿತೋ ನನಗೆ ಗೊತ್ತಿಲ್ಲ. ಸಿಡಿಲವ್ವ ಕಂಟ್ರಾಕ್ಟರನ ಗೋದಾಮು ಒಡೆಯುತ್ತಾಳೆ, ಊರಿಗೆ ಬೆಳಕು ಮರಳುತ್ತದೆ, ಎಲ್ಲ ಪುಟದಲ್ಲೂ ಅವಳ ಹಿಂದೆ ಖಾಲಿ. ನಿಮ್ಮ ಮೇಲೆ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯುವುದಿಲ್ಲ.

ಕೊನೆಯ ಹಾಳೆಯಲ್ಲಿ ಒಂದೇ ದೊಡ್ಡ ಚಿತ್ರ. ಖಾನಾವಳಿ ಮುಚ್ಚಿದೆ, ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿದೆ. ಗಿರಾಕಿಗಳೆಲ್ಲ ಹೋಗಿದ್ದಾರೆ. ಗಂಗವ್ವ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ಊಟಕ್ಕೆ ಕೈ ಹಾಕುತ್ತಿದ್ದಾಳೆ, ಹದಿನೆಂಟು ಸಂಚಿಕೆಯಲ್ಲಿ ಅವಳು ಉಣ್ಣುವುದು ಇದೇ ಮೊದಲು. ನಾನು ಮೂಲೆ ಮೂಲೆ ಹುಡುಕಿದೆ, ಬಾಗಿಲ ಸಂದಿ ಹುಡುಕಿದೆ, ಹೊಗೆಯಲ್ಲಿ ಹುಡುಕಿದೆ. ಬೇರೆ ಮನುಷ್ಯರ ಆಕಾರ ಎಲ್ಲೂ ಇಲ್ಲ. ಚನ್ನವೀರಪ್ಪನವರು ಕನ್ನಡಕ ತೆಗೆದು ಒರೆಸಿ, ‘ಇಲ್ಲ ಬಿಡವಾ’ ಎಂದರು. ಅವರ ದನಿಯಲ್ಲೂ ಬೇಸರವಿತ್ತು. ನಾನು ಉಳಿ ತರಲು ಎದ್ದೆ.

ಆಗ ಹಿಂದಿನಿಂದ ದಾಕ್ಷಾಯಣಿ ನನ್ನ ಸೆರಗು ಹಿಡಿದಳು. ‘ಎ...’ ಎಂದಳು. ಅಷ್ಟಕ್ಕೇ ಮಾತು ನಿಂತಿತು. ಅಂಗಳದಲ್ಲಿ ಇನ್ನೂರು ಜನರಿದ್ದೆವು, ಒಬ್ಬರೂ ಕದಲಲಿಲ್ಲ, ಒಬ್ಬರೂ ಆಕೆಯ ಮಾತನ್ನು ತಾವೇ ಮುಗಿಸಲು ಹೋಗಲಿಲ್ಲ. ಎಷ್ಟು ಹೊತ್ತಾದರೂ ಕಾಯುತ್ತೇವೆಂಬಂತೆ ಕೂತಿದ್ದರು. ‘ಎ... ಎರಡು ತಾ... ತಾಟು ಅದಾವ’ ಎಂದಳು ದಾಕ್ಷಾಯಣಿ.

ಇದ್ದವು. ನಾನು ಮನುಷ್ಯರನ್ನು ಹುಡುಕುತ್ತಾ ತಾಟು ನೋಡಿರಲಿಲ್ಲ. ಹದಿನಾಲ್ಕು ಕಂತು ಸಿಡಿಲವ್ವನ ಎಡಕ್ಕೆ ನಿಂತ ದಾಕ್ಷಾಯಣಿಯ ಕಣ್ಣು ನೇರವಾಗಿ ಆ ಎಡಗಡೆಗೇ ಹೋಗಿತ್ತು. ಗಂಗವ್ವನ ಮುಂದೆ ಒಂದು ತಾಟು, ಅವಳ ಎಡಕ್ಕೆ, ಸರಿಯಾಗಿ ಅರ್ಧ ಹೆಜ್ಜೆ ಬಿಟ್ಟು, ಇನ್ನೊಂದು. ಅದರಲ್ಲೂ ಎರಡು ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ, ಮೇಲೆ ಬೆಣ್ಣೆಯ ಉಂಡೆ. ರೊಟ್ಟಿಯಿಂದ ಹಬೆ ಏಳುತ್ತಿರುವುದನ್ನು ನೀವು ಮೂರು ಗೆರೆಯಲ್ಲಿ ಬಿಡಿಸಿದ್ದಿರಿ. ಚನ್ನವೀರಪ್ಪನವರು ಸುಲಭಕ್ಕೆ ಬಗ್ಗುವವರಲ್ಲ. ‘ಇದೂ ಅಚ್ಚಿನ ತಪ್ಪ್ಯಾಕ ಆಗಿರಬಾರ್ದು?’ ಎಂದರು. ಸರಿಯಲು ಇಲ್ಲಿ ಎರಡನೇ ಬಣ್ಣವೇ ಇಲ್ಲವಲ್ಲ ಅಜ್ಜಾರ ಎಂದೆ. ಬರೀ ಕಪ್ಪು, ಒಂದೇ ಸಲ ಒತ್ತಿದ ಕಪ್ಪು. ಅಲ್ಲಿರುವ ಪ್ರತಿ ಗೆರೆಯೂ ಕೈಯಿಂದ ಎಳೆದದ್ದೇ. ‘ಯಾರೋ ಗಿರಾಕಿಗೆ ಹಚ್ಚಿಟ್ಟಿರಬಹುದು’ ಎಂದರು. ನಾನು ಉತ್ತರ ಕೊಡುವ ಮೊದಲೇ ಮುಂದಿನ ಸಾಲಿನ ಅಜ್ಜಿ, ‘ಗ್ವಾಡಿ ಮ್ಯಾಲ ಏನು ಬರದೈತಿ, ಓದ್ರಿ ನೋಡೂಣು’ ಎಂದಳು.

ಗಂಗವ್ವನ ತಲೆಯ ಮೇಲೆ, ಗೋಡೆಯಲ್ಲಿ, ಆ ಹಳೆಯ ಫಲಕವನ್ನು ನೀವು ಮತ್ತೆ ಬರೆದಿದ್ದಿರಿ. ಕೂತವರಿಗಷ್ಟೇ ತಾಟು.

ಚನ್ನವೀರಪ್ಪನವರು ಅದನ್ನು ಗಟ್ಟಿಯಾಗಿ ಓದಿ, ಮೂರನೇ ಸಂಚಿಕೆ ತರಿಸಿ ಧಣಿಯ ತಾಟಿನ ಪುಟ ಓದಿ, ಮತ್ತೆ ಬಾಗಿಲಿನ ಅಗಳಿ ನೋಡಿದರು. ‘ಒಳಗ ಬ್ಯಾರೆ ಯಾರೂ ಬಂದಿಲ್ಲ. ತಾಟು ಹಾಕ್ಯಾಳಂದ್ರ ಯಾರೋ ಕುಂತಾರ. ಕುಂತಾಕಿ ಯಾರು ಅಂತ ಈ ಓಣಿಗೆ ನಾ ಹೇಳಬೇಕೇನು?’ ಎಂದು ಹೇಳಿ ಮುದ್ರೆಗೆ ಕೈ ಚಾಚಿದರು. ರಾಬಿಯಾ ಹಬೆಯ ಪಾತ್ರೆ ಹಿಡಿದುಕೊಂಡೇ ನೆಲಕ್ಕೆ ಕುಸಿದು ನಕ್ಕಳು. ದಾಕ್ಷಾಯಣಿಯ ಹೆಸರು ಕಂಬದ ಮೇಲೆ ಇದ್ದಂತೆಯೇ ಇದೆ.

ನನ್ನ ಕಾಗದ ನಿಮಗೆ ಮುಟ್ಟಿತೋ, ರೋಣದ ಹುಡುಗಿಯ ಪತ್ರವೇ ಸಾಕಾಯಿತೋ, ಅದನ್ನು ನಾನು ಪಟ್ಟು ಹಿಡಿದು ಕೇಳುವುದಿಲ್ಲ. ಆ ಹುಡುಗಿಗೆ ಮಾತ್ರ ನೀವು ಇನ್ನೊಂದು ಕಾಗದ ಬರೆಯಬೇಕು. ಯಾರೂ ಅಲ್ಲ ಎಂದು ಹೇಳಿಬಿಟ್ಟೆ, ಅದು ತಪ್ಪಾಯಿತು ಎಂದು ತಿಳಿಸಿ. ಮೊದಲು ಕಂಡವಳು ಅವಳು. ಒಂದು ಪ್ರತಿಯನ್ನು ಒಣಗಿದ ಜಾಗದಲ್ಲಿಡಿ, ಗೋಡೆಯ ಕಪಾಟಿನಲ್ಲಿ ಬೇಡ.

ಇವತ್ತು ಕೊನೆಯ ಕಂತಿನ ಚಿತ್ರೀಕರಣ ಮುಗಿಸಿದೆವು. ನಿಮ್ಮ ಚೌಕದೊಳಗೆ ಒಂದು ಸೂಜಿಯನ್ನೂ ಸೇರಿಸಿಲ್ಲ, ತೆಗೆದಿಲ್ಲ; ತಾಟಿನ ಮುಂದೆ ಆಗಲೇ ಕೂತಿದ್ದವಳನ್ನು ಕಾಣಿಸಿದೆವು, ಅಷ್ಟೇ. ಸಿಡಿಲವ್ವ ಒಲೆ ಆರಿಸಿ, ಕೈ ತೊಳೆದು, ಗೋಡೆಗೆ ಒರಗಿ ಕೂತಳು. ದಾಕ್ಷಾಯಣಿ ಅಭ್ಯಾಸದಂತೆ ಹಿಂದೆ ನಿಂತಿದ್ದಳು. ಅರ್ಧ ಹೆಜ್ಜೆ ಮುಂದೆ ಬಾ ಎಂದೆ. ಬಂದಳು, ಕೆಂಪು ಸೀರೆಯ ನೆರಿಗೆ ಸರಿಮಾಡಿಕೊಂಡು ಚಕ್ಕಳಮಕ್ಕಳ ಹಾಕಿ ಕೂತಳು. ಆಮೇಲೆ ತಾಟು ಇಟ್ಟೆ.

ನಿಮ್ಮ
ಶಾಂಭವಿ ಮುಳಗುಂದ